ಮಾರ್ಚ್‌ವರೆಗೆ ಕಾಯದ ಗೋಧಿ

2016ರ ಚಳಿಗಾಲ. ತೈಲದ ಬೆಲೆ ಕುಸಿದು, ಮಸ್ಕತ್‌ನ ಕಚೇರಿಗಳಲ್ಲಿ ಯಾರ ಕುರ್ಚಿ ಯಾವಾಗ ಖಾಲಿಯಾಗುತ್ತದೋ ಎಂದು ಎಲ್ಲರೂ ಅಂಜುತ್ತಿದ್ದ ಕಾಲ. ನಾನು ಒಂದು ಖಾಸಗಿ ಕೃಷಿ ಸಂಸ್ಥೆಯಲ್ಲಿ ಬೆಳೆ ತಜ್ಞೆಯಾಗಿದ್ದೆ. ಮನೆ ಸೀಬ್‌ನಲ್ಲಿ, ಕಚೇರಿ ಖುರುಮ್‌ನಲ್ಲಿ; ಗೋಧಿ ಮಾತ್ರ ನಾಲ್ಕು ಗಂಟೆ ದಾರಿಯಾಚೆಯ ಮರಳುಗಾಡಿನಲ್ಲಿ. ಅಲ್ಲಿ ಎಂಟು ಸೆಂಟರ್ ಪಿವೊಟ್‌ಗಳಿದ್ದವು. ಪಿವೊಟ್ ಎಂದರೆ ಚಕ್ರಗಳ ಮೇಲೆ ಸುತ್ತುತ್ತ ನೀರು ಚಿಮುಕಿಸುವ ಉದ್ದನೆಯ ಕೊಳವೆ. ಒಂದೊಂದರ ಕೆಳಗೂ ಒಂದು ದುಂಡನೆಯ ಹೊಲ.

ಜನರಲ್ ಮ್ಯಾನೇಜರ್ ದಿವಾಕರ್ ಮಂಗಳೂರಿನವರು. ಗೋಧಿಯನ್ನು ಅವರು ಹತ್ತಿರದಿಂದ ನೋಡಿದ್ದು ಚಪಾತಿಯ ರೂಪದಲ್ಲಿ ಮಾತ್ರ ಎಂಬುದು ನನ್ನ ಬಲವಾದ ಅನುಮಾನ. ಅವರು ಯೂರೋಪಿನ ಸಲಹೆಗಾರನೊಬ್ಬನಿಂದ ಗೊಬ್ಬರದ ವೇಳಾಪಟ್ಟಿ ತರಿಸಿದ್ದರು. ಹಿಮ ಬೀಳುವ ದೇಶದಲ್ಲಿ ಗೋಧಿ ಚಳಿಗಾಲವೆಲ್ಲ ಮುದುಡಿ ಮಲಗಿ, ಮಾರ್ಚ್‌ನಲ್ಲಿ ಮೈಮುರಿದು ಏಳುತ್ತದೆ. ಮೇಲುಗೊಬ್ಬರ ಕೊಡುವುದು ಆಗಲೇ. ಅಲ್ಲಿಗೆ ಅದು ಸರಿ. ನಮ್ಮಲ್ಲಿ ನವೆಂಬರ್‌ನಲ್ಲಿ ಬಿತ್ತಿದ್ದು ಮಾರ್ಚ್ ಕೊನೆಗೆ ಕೊಯ್ಲಿಗೆ ಬರುತ್ತದೆ. ಆದರೂ ಪಟ್ಟಿ ದಿವಾಕರ್ ಅವರಿಗೆ ಬಹಳ ಹಿಡಿಸಿತ್ತು, ಏಕೆಂದರೆ ಯೂರಿಯಾ ಖರೀದಿ ಹೊಸ ವರ್ಷದ ಬಜೆಟ್ಟಿಗೆ ಜಾರುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ನಾಲ್ಕು ಸಸಿ ಕಿತ್ತು, ಕಾಂಡ ಸೀಳಿ, ಕಾನ್ಫರೆನ್ಸ್ ರೂಮಿನಲ್ಲಿ ದಿವಾಕರ್ ಮುಂದೆ ಮೇಜಿನ ಮೇಲಿಟ್ಟೆ. ಬುಡದಲ್ಲಿ ಮರಿಕವಲು, ಅಂದರೆ ತೆಂಡೆ, ಒಡೆಯುವುದು ಮುಗಿದು ಮೊದಲ ಗಣ್ಣು ಮೂಡಿತ್ತು. ಒಳಗೆ ಎಳೆಯ ತೆನೆ ಮೇಲೇರುತ್ತಿತ್ತು. ಯೂರಿಯಾದ ಸಾರಜನಕ ಸಿಗಬೇಕಾದದ್ದು ಆ ವಾರ.

"ಎಂತ ಮೇಡಂ, ಕಾನ್ಫರೆನ್ಸ್ ರೂಮಿಗೆ ಹುಲ್ಲು ತಂದಿದ್ದೀರಿ?" ಎಂದರು. "ಪಟ್ಟಿಯಲ್ಲಿ ಮಾರ್ಚ್ ಅಂತ ಉಂಟಲ್ಲ. ಅವನು ಡಾಕ್ಟರೇಟ್ ಮಾಡಿದವ ಮಾರಾಯ್ರೆ."

"ಅವರ ಗೋಧಿ ಮಲಗಿದೆ ಸರ್. ನಮ್ಮದು ಎದ್ದು ನಿಂತಿದೆ."

"ಖಲಾಸ್ ಮೇಡಂ. ಮಾರ್ಚ್."

ಕಾಂಡದೊಳಗಿನ ತೆನೆಯತ್ತ ಅವರು ತಿರುಗಿಯೂ ನೋಡಲಿಲ್ಲ.

ಹೊಲದ ಫೋರ್‌ಮನ್ ರಫೀಕ್ ಪಾಕಿಸ್ತಾನದ ಪಂಜಾಬಿನವನು, ಗೋಧಿ ಬೆಳೆಯುವ ಮನೆತನದವನು. ಮೇವಿನ ಹುಲ್ಲಿಗೆಂದು ತಂದ ಯೂರಿಯಾ ಒಂದು ಹೊಲಕ್ಕೆ ಸಾಲುವಷ್ಟು ಗೋದಾಮಿನಲ್ಲಿ ಉಳಿದಿತ್ತು. "ಏಕ್ ಪಿವೊಟ್ ಕಾ ಹೋ ಜಾಯೇಗಾ, ಮೇಡಂ," ಎಂದ. ಹಾಕು ಎಂದೆ. ಮೂರನೇ ಪಿವೊಟ್‌ನ ನೀರಿನಲ್ಲಿ ಕರಗಿಸಿ ಹರಿಸಿದ.

ಫೆಬ್ರವರಿಯಲ್ಲಿ ಮೂರನೇ ಹೊಲ ಕಡುಹಸಿರಾಗಿ, ಒತ್ತೊತ್ತಾಗಿ ತೆನೆ ಬಿಟ್ಟು ನಿಂತಿತ್ತು. ಉಳಿದ ಏಳರಲ್ಲಿ ಬಿಳಿಚಿದ ಎಲೆ, ಹೆಬ್ಬೆರಳುದ್ದದ ತೆನೆ. ಮಾರ್ಚ್‌ನಲ್ಲಿ ಪಟ್ಟಿಯ ಪ್ರಕಾರ, ಒಣಗತೊಡಗಿದ ಆ ಪೈರಿಗೆ ಶ್ರದ್ಧೆಯಿಂದ ಯೂರಿಯಾ ಸುರಿಸಲಾಯಿತು. ಹೆಣಕ್ಕೆ ಟಾನಿಕ್ ಕುಡಿಸಿದ ಹಾಗೆ.

ಅದೇ ವಾರ ಮಾಲೀಕರು ಬಂದರು. ದಿವಾಕರ್ ಮಾಲೀಕರನ್ನು ನೇರವಾಗಿ ಮೂರನೇ ಹೊಲಕ್ಕೆ ಕರೆದೊಯ್ದು, ಹೊಸ ವೇಳಾಪಟ್ಟಿಯ ಫಲ ಇದು ಎಂದರು. ಫೋಟೋ ತೆಗೆಸಿದರು. ನಾನೂ ಪಕ್ಕದಲ್ಲಿ ನಿಂತೆ.

ನನ್ನ ಕೊಯ್ಲಿನ ವರದಿಯಲ್ಲಿ ನಡೆದದ್ದನ್ನೇ ಬರೆದಿದ್ದೆ. ದಿವಾಕರ್ ಆ ಪುಟ ತೆಗೆದು, ಮೂರನೇ ಹೊಲದ ಫಸಲಿಗೆ ಹೊಸ ವೇಳಾಪಟ್ಟಿ, ಏಳು ಹೊಲಗಳ ನಷ್ಟಕ್ಕೆ ಬಿಸಿಗಾಳಿ ಕಾರಣ ಎಂದು ಸೇರಿಸಿ, ಸಹಿಗೆ ಕಳುಹಿಸಿದರು. ಹಿಂದಿನ ವಾರವಷ್ಟೇ ನಮ್ಮ ಮಹಡಿಯಿಂದ ಮೂವರನ್ನು ಕೆಲಸದಿಂದ ತೆಗೆದಿದ್ದರು. ಮಗಳು ಹನ್ನೆರಡನೇ ತರಗತಿಯಲ್ಲಿದ್ದಳು. ಸಹಿ ಹಾಕಿದೆ. ಮೇ ತಿಂಗಳಲ್ಲಿ ರಫೀಕ್‌ನನ್ನೂ ಮನೆಗೆ ಕಳುಹಿಸಿದರು. ಹೊರಡುವ ಮುನ್ನ ಅವನು ಕೇಳಿದ್ದು ಒಂದೇ: ಮುಂದಿನ ಸಲ ಎಂಟಕ್ಕೂ ಸಮಯಕ್ಕೆ ಸರಿಯಾಗಿ ಹಾಕಿಸುತ್ತೀರಲ್ಲವೇ? ಹೂಂ ಎಂದೆ.

ನವೆಂಬರ್‌ನಲ್ಲಿ ಅದೇ ವೇಳಾಪಟ್ಟಿ ಮತ್ತೆ ಬಂತು. ಪ್ರತಿಭಟಿಸಲು ಹೋದೆ. ದಿವಾಕರ್ ಕಡತ ನನ್ನತ್ತ ತಿರುಗಿಸಿದರು. ಆಧಾರವಾಗಿ ಲಗತ್ತಿಸಿದ್ದು ನನ್ನ ವರದಿ.

"ನಿಮ್ಮದೇ ಸಹಿ ಅಲ್ವಾ ಮೇಡಂ?"

ಅವರ ಬಗೆಗಿನ ನನ್ನ ತಿರಸ್ಕಾರ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಅವರಿಗೆ ಗೋಧಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೊತ್ತು ತಪ್ಪಿ ಹಾಕಿದ ಗೊಬ್ಬರ ಒಂದು ಬೆಳೆಯನ್ನು ಕೆಡಿಸುತ್ತದೆ. ಗೊತ್ತಿದ್ದೂ ಹಾಕಿದ ಸಹಿ ಮುಂದಿನ ಬೆಳೆಯನ್ನೂ ಕೆಡಿಸಿತು, ಎಂಟು ಹೊಲಗಳಲ್ಲೂ.