ವಿಮಾನ ನಿಲ್ದಾಣಕ್ಕೆ ಒಬ್ಬರು

ಮಂಗಳೂರಿನಿಂದ ಮಧ್ಯಾಹ್ನ ಹೊರಟ ವಿಮಾನ ಮೂರೂವರೆ ಗಂಟೆಯಲ್ಲಿ ದುಬೈ ಮುಟ್ಟಿತು. ಹೋಗಿಬರುವ ಟಿಕೆಟಿಗೆ ಹತ್ತೊಂಬತ್ತು ಸಾವಿರ. ನಮ್ಮ ಶಾಲೆಯ ಮಕ್ಕಳೇ, ಅಲ್ಲಿನ ಎತ್ತರದ ಕಟ್ಟಡದ ಬಗ್ಗೆ ಬರೆಯಿರಿ ಎಂದಿದ್ದಿರಿ. ನೋಡಿದೆ, ಕುತ್ತಿಗೆ ನೋವು ಬಂತು. ನನಗೆ ಬರೆಯಬೇಕು ಅನಿಸಿದ್ದು ಒಬ್ಬ ಫುಟ್‌ಬಾಲ್ ಆಟಗಾರನ ಬಗ್ಗೆ.

ಮಗಳು ಶಶಿಯ ಮನೆ ದುಬೈಯ ಮಿರ್ದಿಫ್ ಬಡಾವಣೆಯಲ್ಲಿ. ಜನವರಿಯಾದ್ದರಿಂದ ಬೆಳಿಗ್ಗೆ ಸ್ವೆಟರ್ ಬೇಕಾಗುತ್ತಿತ್ತು. ಅಳಿಯ ಜಯಂತ ಬಸ್ ಡ್ರೈವರ್. ಆ ತಿಂಗಳು ಅವನಿಗೆ ಯುಕ್ರೇನಿನ ಒಂದು ಫುಟ್‌ಬಾಲ್ ತಂಡದ ಡ್ಯೂಟಿ. ಅವರ ಊರಿನ ಮೈದಾನಗಳ ಮೇಲೆ ಆಗ ಹಿಮ ಇರುವುದರಿಂದ ಅಭ್ಯಾಸಕ್ಕೆ ಇಲ್ಲಿಗೆ ಬರುತ್ತಾರಂತೆ.

ಅವರಲ್ಲಿ ಇಬ್ಬರು ಇನ್ನೂ ತಂಡಕ್ಕೆ ಸೇರಿರಲಿಲ್ಲ, ಪರೀಕ್ಷೆಗೆ ಬಂದವರು. ಇಬ್ಬರೂ ಮೈದಾನದ ನಡುವೆ ಆಡುವವರು. ಖಾಲಿ ಇದ್ದದ್ದು ಒಂದೇ ಜಾಗ. ಒಬ್ಬನಿಗೆ ಇಪ್ಪತ್ತೊಂದು ವರ್ಷ. ಇನ್ನೊಬ್ಬ ಆಂದ್ರಿ, ಮೂವತ್ನಾಲ್ಕು. ಅವನ ತಂದೆ ಕಲ್ಲಿದ್ದಲು ಗಣಿಯಲ್ಲಿದ್ದರು. ಹನ್ನೊಂದನೇ ವಯಸ್ಸಿಗೇ ಆಟದ ಹಾಸ್ಟೆಲ್ ಸೇರಿ, ಮುಂದೆ ದೇಶದ ತಂಡದಲ್ಲೂ ಆಡಿದವನು. ಆಮೇಲೆ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಒಂದು ವರ್ಷದಿಂದ ಯಾರೂ ಕರೆದಿರಲಿಲ್ಲ.

ಕೊನೆಯ ಪಂದ್ಯ ಅಬುಧಾಬಿಯಲ್ಲಿ. ತಂಡದ ಮ್ಯಾನೇಜರರನ್ನು ಕೇಳಿ ಜಯಂತ ನನ್ನನ್ನೂ ಬಸ್ಸಿನಲ್ಲಿ ಕೂರಿಸಿದ. ನೂರನಲವತ್ತು ಕಿಲೋಮೀಟರ್, ಒಂದು ಹೊಂಡ ಇಲ್ಲ. ಅಲ್ಲಿ ಇಳಿದ ಮೇಲೆ ಮರುದಿನದ ಡ್ಯೂಟಿ ಚೀಟಿ ತೋರಿಸಿದ: ಬೆಳಿಗ್ಗೆ ಏಳಕ್ಕೆ, ವಿಮಾನ ನಿಲ್ದಾಣಕ್ಕೆ ಒಬ್ಬರು.

"ಯಾರು?" ಅಂದೆ.

"ಹೆಸರು ಆಟ ಮುಗಿದ ಮೇಲೆ ಬರ್ತದೆ ಅತ್ತೆ. ಪರೀಕ್ಷೆಗೆ ಬಂದ ಇಬ್ಬರಲ್ಲಿ ಆಯ್ಕೆ ಆಗದವರು. ಅವರಿಗೆ ಹೇಳುವ ಹಾಗಿಲ್ಲ."

ನೋಡುವವರು ಇಪ್ಪತ್ತು ಜನವೂ ಇರಲಿಲ್ಲ. ಮೊದಲು ಆಂದ್ರಿ ಆಡಿದ. ಚೆಂಡು ಬರುವ ಮೊದಲೇ ಎಡಕ್ಕೆ, ಬಲಕ್ಕೆ ತಿರುಗಿ ನೋಡಿಕೊಳ್ಳುತ್ತಿದ್ದ. ಬಂದ ಚೆಂಡು ಅವನ ಕಾಲಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬೇಕಾದವನ ಮುಂದೆ ಹೋಗಿ ಬೀಳುತ್ತಿತ್ತು. ನಾಲ್ಕು ಜನರ ಎದುರು ಬಾಯಿ ಬಿಡದ ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಎಂಥದು ಅತ್ತೆ, ಗೋಲೇ ಆಗಲಿಲ್ಲ!" ಎಂದು ಜಯಂತ ನಕ್ಕ.

"ಗೋಲು ಯಾರಿಗೆ ಬೇಕು? ಅವನು ಕೊಟ್ಟದ್ದು ನೋಡಿದಿರಾ?"

ಒಂದು ಗಂಟೆಯ ಆಟದ ನಂತರ ಅವನನ್ನು ಹೊರಗೆ ಕರೆದು ಇಪ್ಪತ್ತೊಂದರ ಆ ತರುಣನನ್ನು ಮೈದಾನಕ್ಕೆ ಇಳಿಸಿದರು. ಆಂದ್ರಿ ಸುಮ್ಮನೆ ಬಂದು ಕೂರಲಿಲ್ಲ. ತರುಣನ ಹೆಗಲು ಹಿಡಿದು, ಎದುರಿನವರ ಹಿಂದೆ ಖಾಲಿ ಬಿದ್ದ ಒಂದು ಜಾಗವನ್ನು ಕೈ ಮಾಡಿ ತೋರಿಸಿದ. ಹತ್ತು ನಿಮಿಷದಲ್ಲಿ ತರುಣ ಅಲ್ಲಿಗೇ ಓಡಿ, ಬಂದ ಚೆಂಡನ್ನು ಗೋಲಿಗೆ ಹೊಡೆದ.

"ತನ್ನ ಬಟ್ಟಲಿನ ಅನ್ನ ಎತ್ತಿ ಕೊಟ್ಟ ಹಾಗಾಯ್ತಲ್ಲ ಮಾರಾಯ್ರೆ!" ಎಂದು ಜಯಂತ ತಲೆ ಚಚ್ಚಿಕೊಂಡ.

ಮರುದಿನ ನನ್ನ ವಿಮಾನವೂ ಬೆಳಿಗ್ಗೆಯೇ ಇತ್ತು. ಆಫೀಸಿಗೆ ಹೇಳಿ ಜಯಂತ ನನ್ನನ್ನೂ ಆ ಏಳರ ಡ್ಯೂಟಿಯ ವ್ಯಾನಿನಲ್ಲೇ ಕರೆದುಕೊಂಡು ಹೋದ. ಹೋಟೆಲಿನ ಬಾಗಿಲಲ್ಲಿ ನಿಂತಿದ್ದವನು ಆಂದ್ರಿ. ಅವನ ಚೀಲ ಹೊತ್ತು ತಂದವನು ಆ ತರುಣ. ತಲೆ ಎತ್ತಲೇ ಇಲ್ಲ. ಆಂದ್ರಿ ಅವನ ಕೆನ್ನೆ ತಟ್ಟಿ, "ಯಲ್ಲಾ" ಎಂದು, ಅಲ್ಲಿನವರು 'ಹೊರಡೋಣ' ಎನ್ನುವ ಹಾಗೆ, ವ್ಯಾನ್ ಹತ್ತಿದ.

ಜಯಂತನಿಗೆ ತಡೆಯಲಾಗಲಿಲ್ಲ. "ಅವನಿಗೆ ಯಾಕೆ ಹೇಳಿಕೊಟ್ಟೆ?" ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ. ಆಂದ್ರಿಯ ಇಂಗ್ಲಿಷೂ ಅಷ್ಟಕ್ಕಷ್ಟೆ. ಅವನ ಉತ್ತರವನ್ನು ಜಯಂತ ನನಗೆ ಹೀಗೆ ಹೇಳಿದ: "ಜಾಗ ನನಗೆ ಕಂಡಿತ್ತು. ಅಷ್ಟು ದೂರ ಓಡಲು ನನ್ನ ಕಾಲಿಗೆ ಆಗಲಿಲ್ಲ, ಅವನ ಕಾಲಿಗೆ ಆಯಿತು. ಕಂಡದ್ದನ್ನು ಹಾಳು ಮಾಡುವುದಾ?"

ನಾನು ಧೈರ್ಯ ಮಾಡಿದೆ. "ಆಟ ಬಹಳ ಚಂದ ಇತ್ತು ಅಂತ ಹೇಳಿ." ಜಯಂತ ಹೇಳಿದ. ಆಂದ್ರಿ ಎದೆಯ ಮೇಲೆ ಕೈ ಇಟ್ಟು ನನ್ನ ಕಡೆ ತಲೆ ಬಾಗಿಸಿದ. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

"ಇನ್ನು ಮನೆಗಾ?" ಎಂದು ಜಯಂತ ಕೇಳಿದ.

"ಇಲ್ಲ, ಟರ್ಕಿಗೆ. ಅಲ್ಲಿ ಇನ್ನೊಂದು ತಂಡ ಬಂದಿದೆ. ನಾಳೆ ಮಧ್ಯಾಹ್ನ ಅವರ ಪಂದ್ಯ. ನನ್ನನ್ನು ಅರ್ಧ ಗಂಟೆ ಆಡಿಸಿ ನೋಡುತ್ತಾರಂತೆ."

ವಿಮಾನ ನಿಲ್ದಾಣದಲ್ಲಿ ಅವನು ಇಳಿಯುವ ಕಡೆ ಮೊದಲು ಬಂತು. ಚೀಲ ಹೆಗಲಿಗೇರಿಸಿ, ಬಲಗಾಲನ್ನು ಸ್ವಲ್ಪ ಎಳೆಯುತ್ತಾ, ಗಾಜಿನ ಬಾಗಿಲಿನ ಕಡೆ ಬೇಗ ಬೇಗ ನಡೆದ. ಅವನ ವಿಮಾನಕ್ಕೆ ಇನ್ನೂ ಮೂರು ಗಂಟೆ ಇತ್ತು.