ಹಾಲುಕ್ಕಿದ ಸಮುದ್ರ

ದುಡಿಯುವವರ ಬಗ್ಗೆ ಬರೆಯುವಾಗ ಕೋಳಿ ಕೂಗುವ ಹೊತ್ತಿನಿಂದ ಶುರು ಮಾಡುವುದು ವಾಡಿಕೆ. ನ್ಯಾಮತಿಯ ದುರ್ಗಾಂಬಿಕಾ ಈ ವಾಡಿಕೆಗೆ ಒಗ್ಗುವವರಲ್ಲ. ಕೋಳಿ ಕೂಗುವಾಗ ಅವರು ಓಣಿಯ ಎಲ್ಲ ಹೆಂಗಸರಂತೆ ರೊಟ್ಟಿ ತಟ್ಟುತ್ತಿರುತ್ತಾರೆ. ಅವರ ಕಸುಬು ನೋಡಬೇಕೆಂದರೆ ದೀಪ ಹಚ್ಚುವ ಹೊತ್ತಿಗೆ ಗೋವಿನಕೋವಿಯ ಹೊಳೆದಂಡೆಗೆ ಹೋಗಬೇಕು.

ಇವತ್ತೂ ಅಲ್ಲಿದ್ದಾರೆ. ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು. ಗಾಳಿಗೆ ಅಲುಗದಿರಲೆಂದು ಅದಕ್ಕೆ ಮರಳು ತುಂಬಿದ ಕೈಚೀಲವೊಂದನ್ನು ತೂಗುಬಿಟ್ಟಿದ್ದಾರೆ. ಕ್ಯಾಮೆರಾದ ಮುಂದೆ ರಬ್ಬರ್ ಬ್ಯಾಂಡಿನಿಂದ ಬಿಗಿದಿರುವುದು ವೆಲ್ಡಿಂಗ್ ಅಂಗಡಿಯ ಕಪ್ಪು ಗಾಜು. ಆ ಗಾಜು ಬೆಳಕನ್ನು ತಡೆಯುವುದರಿಂದ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದೇ ಇರಬಹುದು. ಅಷ್ಟು ಹೊತ್ತಿನ ನೀರಿನ ಓಡಾಟವೆಲ್ಲ ಒಂದೇ ಚಿತ್ರದಲ್ಲಿ ಬಂದು ಕೂರುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ದುರ್ಗಾಂಬಿಕಾ ಗಡಿಯಾರ ನೋಡುವುದಿಲ್ಲ, ಅತ್ತೆ ಅಜ್ಜಮ್ಮ ಕಲಿಸಿದ ಸೋಬಾನೆ ಪದವನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ. "ಬೆಳಕಿದ್ರೆ ಒಂದು ನುಡಿ, ಕತ್ಲಾದಂಗೆ ಎರಡು. ಮೊಬೈಲ್ ನೋಡಾಕೆ ಹೋದ್ರೆ ಯಾರದೋ ಮೆಸೇಜ್ ಬಂದಿರ್ತೈತೆ, ಲೆಕ್ಕ ತಪ್ತೈತೆ ರೀ," ಎಂದು ನಗುತ್ತಾರೆ.

ಹುಟ್ಟಿದ್ದು ಜಗಳೂರು ಸೀಮೆಯಲ್ಲಿ. ನ್ಯಾಮತಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಬಸ್ ನಿಲ್ದಾಣದ ಬಳಿ ಗಂಡ ಓಂಕಾರ್ ನಡೆಸುವ ಸ್ಟುಡಿಯೊದಲ್ಲಿ ಲೈಟು ಹಿಡಿಯುವುದಷ್ಟೇ ಅವರ ಕೆಲಸವಾಗಿತ್ತು. ಮದುವೆಮನೆಗಳಲ್ಲಿ ಹೆಣ್ಣಿನ ಕಡೆಯವರು "ನೀನೇ ತೆಗಿಯವ್ವ, ನಿನ್ನ ಮುಂದಾದ್ರೆ ನಗು ಬರ್ತೈತೆ" ಎನ್ನತೊಡಗಿದ ಮೇಲೆ ಕ್ಯಾಮೆರಾ ಕೈ ಬದಲಾಯಿಸಿತು. ಈಗ ಓಂಕಾರ್ ಜೆರಾಕ್ಸ್, ಲ್ಯಾಮಿನೇಶನ್ ನೋಡಿಕೊಳ್ಳುತ್ತಾರೆ. "ಫೋಟೋ ಆಕಿದು, ಫ್ರೇಮ್ ನಂದು" ಎನ್ನುವ ಅವರ ಮಾತಿನಲ್ಲಿ ಬೇಸರವೇನೂ ಇಲ್ಲ.

ಊರ ಬಾಯಿಗೆ ಮಾತ್ರ ಬೀಗ ಇರಲಿಲ್ಲ. ಮುಸ್ಸಂಜೆಯಲ್ಲಿ ಮನೆಗೆ ದೀಪ ಹಚ್ಚಬೇಕಾದ ಸೊಸೆಗೆ ಹೊಳೆದಂಡೆಯಲ್ಲಿ ಏನು ಕೆಲಸ ಎಂದು ಗೊಣಗಿದವರು ಬಹಳ. ಅವರಿಗೆಲ್ಲ ಅಜ್ಜಮ್ಮ ಕಟ್ಟೆಯ ಮೇಲೆ ಕೂತೇ ಉತ್ತರ ಕೊಟ್ಟರು: "ದೀಪ ಹಚ್ಚಾಕೆ ನನಗೇನು ಕೈಯಿಲ್ವಾ? ಆಕಿ ಹೋಗ್ಲಿ ಬಿಡ್ರಿ."

ಹೊಳೆಯೇನೋ ದಿನದ ಅಭ್ಯಾಸ. ಪ್ರೀತಿ ಇರುವುದು ಸಮುದ್ರದ ಮೇಲೆ. ವರ್ಷಕ್ಕೊಮ್ಮೆ ಶಾಲಾ ಪ್ರವಾಸದ ಬಸ್ಸು ಹೊನ್ನಾವರದ ಕಡೆ ಇಳಿಯುವಾಗ ಫೋಟೋದವರಾಗಿ ದುರ್ಗಾಂಬಿಕಾ ಹೋಗುತ್ತಾರೆ. ಮಕ್ಕಳು, ಮೇಷ್ಟ್ರುಗಳು ಚುರುಮುರಿ ತಿನ್ನುವ ಸಂಜೆಯಷ್ಟೇ ಅವರ ಪಾಲಿಗೆ. ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ನೀರಿಗಿಳಿಯುತ್ತಾರೆ. ಮೊದಲ ಸಲ ತೆಗೆದದ್ದೆಲ್ಲ ಹಾಳಾಯಿತು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆಂದು ಬಯಲುಸೀಮೆಯವರಿಗೆ ಹೇಗೆ ಗೊತ್ತಾಗಬೇಕು? ಸ್ಟ್ಯಾಂಡು ಹೂತು ವಾಲಿತ್ತು. ಮುಂದಿನ ವರ್ಷ ಅದರ ಒಂದೊಂದು ಕಾಲಿನ ಕೆಳಗೂ ಹಳೆಯ ರಬ್ಬರ್ ಚಪ್ಪಲಿ ಇಟ್ಟರು. ಆ ಸಂಜೆ ಬಂದ ಚಿತ್ರವೇ ಅವರ ಜೀವ: ಮೂರು ಕಪ್ಪು ಬಂಡೆ, ಸುತ್ತ ಬೆಳ್ಳಗೆ ನೊರೆಯಂತೆ ನಿಂತ ನೀರು.

ಅದನ್ನು ದೊಡ್ಡದಾಗಿ ಮಾಡಿಸಿ ಸ್ಟುಡಿಯೊದಲ್ಲಿ ನೇತುಹಾಕಿದರು. ವರ್ಷಗಳು ಕಳೆದರೂ ಅದು ಸಮುದ್ರ ಎಂದು ಒಬ್ಬರಾದರೂ ಗುರುತಿಸಲಿಲ್ಲ. ಮೋಡ ಎಂದರು, ಮಂಜು ಎಂದರು. "ಫೋಟೋ ಶೇಕ್ ಆಗೈತೆ, ತೆಗೆದು ಹಾಕ್ರಿ" ಎಂದು ಬುದ್ಧಿ ಹೇಳಿದವರೂ ಉಂಟು. ಹೊರಗೆ ನಗುತ್ತಿದ್ದರೂ ದುರ್ಗಾಂಬಿಕಾ ಅವರಿಗೆ ಒಳಗೆ ಚುರುಕ್ ಎನ್ನುತ್ತಿತ್ತು. ಯಾರಾದರೂ ಒಬ್ಬರು ಅದನ್ನು ಸಮುದ್ರ ಅಂದರೆ ಸಾಕು ಎಂಬುದು ಅವರ ಆಸೆಯಾಗಿಬಿಟ್ಟಿತ್ತು.

ಹೋದ ಮಾಘದಲ್ಲಿ ಗೋವಿನಕೋವಿಯ ಸರ್ವಮಂಗಳಮ್ಮ ಎಂಬ ಅಜ್ಜಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದರು. ಗೋಡೆ ನೋಡಿದ್ದೇ ಕೈ ಮುಗಿದರು. "ಹಾಲುಕ್ಕಿದ ಫೋಟೋ! ಮೂರು ಒಲೆಗುಂಡು, ಸುತ್ತ ಹಾಲೇ ಹಾಲು. ಹೊಸ ಮನೆ ಕಟ್ಸೀವಿ ಕಣವ್ವ, ಪ್ರವೇಶಕ್ಕೆ ನನಗೊಂದು ಇಂಥದ್ದೇ ಬೇಕು," ಎಂದರು. ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ಬಾಳು ಉಕ್ಕುತ್ತದೆ ಎಂಬ ನಂಬಿಕೆಯವರು ಅವರು. ದುರ್ಗಾಂಬಿಕಾ ಬಾಯಿ ತೆರೆಯುವಷ್ಟರಲ್ಲಿ ಓಂಕಾರ್ ಆರ್ಡರ್ ಬರೆದುಕೊಂಡಾಗಿತ್ತು.

"ಹಾಲು ಅಂದ್ಕೊಂಡ್ರೆ ಯಾರಿಗೇನು ನಷ್ಟ?" ಎಂದರು ಓಂಕಾರ್. ಮಾತು ಸುಳ್ಳಲ್ಲ. ಆದರೆ ದುರ್ಗಾಂಬಿಕಾ ಅವರಿಗೆ ಎರಡು ಕಡೆಯಿಂದಲೂ ಸಂಕಟ. ಹೇಳದಿದ್ದರೆ ತಮ್ಮ ಸಮುದ್ರ ಆ ಮನೆಯ ಗೋಡೆಯಲ್ಲಿ ಕಾಯಂ ಹಾಲಾಗಿಬಿಡುತ್ತದೆ. ಹೇಳಿದರೆ ಅದು ಉಪ್ಪುನೀರು. ಉಪ್ಪು ಬಿದ್ದರೆ ಹಾಲು ಒಡೆಯುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಶುಭಕಾರ್ಯದ ಮನೆಗೆ ಅಂಥ ಮಾತು ಒಯ್ಯುವುದು ಹೇಗೆ?

ಪ್ರವೇಶದ ಹಿಂದಿನ ದಿನ ಫ್ರೇಮನ್ನು ತಾವೇ ಎದೆಗವಚಿಕೊಂಡು ಹೋದರು. ಸರ್ವಮಂಗಳಮ್ಮ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆಸಿಯೇ ಇಟ್ಟಿದ್ದರು.

"ಅಜ್ಜೀ, ಇದು ಹಾಲಲ್ಲ ರೀ. ಸಮುದ್ರ. ಉಪ್ಪುನೀರು. ಬ್ಯಾಡ ಅಂದ್ರೆ ವಾಪಸ್ ಒಯ್ತೀನಿ, ಬೇಜಾರಿಲ್ಲ."

ಅಜ್ಜಿ ಫ್ರೇಮನ್ನು ಕೈಗೆ ತೆಗೆದುಕೊಂಡರು. ಸೆರಗಿನಿಂದ ಗಾಜು ಒರೆಸಿ ಕಣ್ಣು ಹತ್ತಿರ ತಂದು ನೋಡಿದರು. "ಅಲೆ ಇರ್ತಾವಂತಲ್ಲ, ಎಲ್ಲಿ ಅದಾವೆ?"

"ಎಲ್ಲಾ ಅದಾವೆ ಅಜ್ಜೀ. ಬಂದಿದ್ದು, ಹೋಗಿದ್ದು, ಒಂದ್ರ ಮ್ಯಾಲೊಂದು ಕೂತು ಹಿಂಗೆ ಬೆಳ್ಳಗಾಗ್ಯಾವೆ."

"ನಾನು ಸಮುದ್ರ ನೋಡಿಲ್ಲವ್ವ," ಎಂದರು ಅಜ್ಜಿ ಮೆಲ್ಲಗೆ. ಆಮೇಲೆ ಮೊಳೆ ಹೊಡೆದವನನ್ನು ಕೂಗಿದರು. ಅಡುಗೆಮನೆಯ ಮೊಳೆ ಕೀಳಿಸಿದರು. ಬೇಡವಾಯಿತೇನೋ ಎಂದುಕೊಂಡು ದುರ್ಗಾಂಬಿಕಾ ಫ್ರೇಮಿಗೆ ಕೈ ಚಾಚಿದರೆ ಅಜ್ಜಿ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ನಡುಮನೆಗೆ ಹೋಗಿ, ಬಂದವರೆಲ್ಲ ಕೂರುವ ಜಾಗದ ಗೋಡೆ ತೋರಿಸಿ, "ಇಲ್ಲಿ ಹೊಡಿಯೋ" ಎಂದರು.

ಮರುದಿನ ಪ್ರವೇಶದ ಫೋಟೋ ತೆಗೆದವರೂ ದುರ್ಗಾಂಬಿಕಾ ಅವರೇ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿತು, ಹೆಂಗಸರು ಆರತಿ ಎತ್ತಿದರು. ನಡುಮನೆಯಲ್ಲಿ ಕೂತ ನೆಂಟರೊಬ್ಬರು ಗೋಡೆ ನೋಡಿ, "ಓಹೋ, ಹಾಲುಕ್ಕಿದ ಫೋಟೋನೂ ಹಾಕ್ಸೀರಿ" ಎಂದದ್ದು ಕೇಳಿಸಿತು. ಸರ್ವಮಂಗಳಮ್ಮ ಲೋಟ ಹಿಡಿದುಕೊಂಡೇ ತಿರುಗಿದರು.

"ಹಾಲು ಒಲೆ ಮ್ಯಾಲೈತೆ, ಕುಡೀರಿ. ಇದು ಸಮುದ್ರ, ನೋಡ್ರಿ. ನಮ್ಮ ದುರ್ಗವ್ವ ತೆಗ್ದಿದ್ದು."

ಆ ಕ್ಷಣದ ಫೋಟೋ ಇಲ್ಲ. ದುರ್ಗಾಂಬಿಕಾ ಅವರಿಗೆ ಕಣ್ಣು ಮಂಜಾಗಿ ಏನೂ ಕಾಣಲಿಲ್ಲವಂತೆ. "ಸಮುದ್ರ ಅಂದ್ರಲ್ಲ ರೀ," ಎನ್ನುತ್ತಾರೆ, "ಅದೂ ಸಮುದ್ರನೇ ನೋಡದೋರು."