ಆ ಒಂದು ಮಾತು ಕೇಳುವ ಮಕ್ಕಳ ಡಾಕ್ಟ್ರಮ್ಮ

ನಸುಕಿನ ಹಾಲು ಕರೆಯುವ ಪಾಳಿ ಮುಗಿಯುವ ಹೊತ್ತು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ, ಇನ್ನೂ ಬೆಳಕು ಹರಿದಿಲ್ಲ. ಕೊಟ್ಟಿಗೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಕೆಲಸದವರು ಊಟ ಮಾಡುವ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಮಗು ತೂಗುವ ತಕ್ಕಡಿ ಇಡುತ್ತಿದ್ದಾರೆ ಡಾ. ಇರೈದಾ ಬೆರಿಯೋಸ್. ಗೋಡೆಯಾಚೆ ಹಾಲಿನ ಟ್ಯಾಂಕು ಗುಂಯ್ ಅನ್ನುತ್ತಿದೆ. ಸ್ಟೆತಸ್ಕೋಪಿನ ಬಿಲ್ಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ತಣ್ಣಗಿದ್ದರೆ ಮಕ್ಕಳು ಬೆಚ್ಚಿಬೀಳುತ್ತವೆ.

ರಬ್ಬರ್ ಬೂಟು ಕಳಚಿ ಒಬ್ಬೊಬ್ಬರೇ ಒಳಗೆ ಬರುತ್ತಾರೆ. ಹಸುವಿನ ಮೊಲೆಗೆ ಬಳಿಯುವ ಅಯೋಡಿನ್ ಕೈಗಳಿಗೆ ಕಂದು ಬಣ್ಣ ಹಚ್ಚಿದೆ. ಮೊದಲು ಬಂದ ತಾಯಿ ಕಂಬಳಿಯಲ್ಲಿ ಸುತ್ತಿದ ಮಗನನ್ನು ತಕ್ಕಡಿಯಲ್ಲಿ ಮಲಗಿಸಿ, ತೂಕ ಇಳಿದಿದೆಯೇನೋ ಎಂದು ಡಾಕ್ಟರ ಮುಖವನ್ನೇ ನೋಡುತ್ತಾಳೆ. "ನೀನು ಸಾಕೋ ಕರುಗಳಿಗಿಂತ ಚೆನ್ನಾಗೇ ಬೆಳೀತಿದಾನೆ ಬಿಡು," ಎನ್ನುತ್ತಾರೆ ಇರೈದಾ. ತಾಯಿ ನಗುತ್ತಾಳೆ. ಮಗನ ತೊಡೆಗೆ ಲಸಿಕೆ ಬಿದ್ದದ್ದು ಆ ನಗುವಿನ ನಡುವೆಯೇ.

ಅಮೆರಿಕದ ವರ್ಮಾಂಟ್ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಹತ್ತಿರವಿರುವ ಹಾಲ್‌ಬ್ರೂಕ್ ಎಂಬ ಊರಿನ ಮಕ್ಕಳ ದವಾಖಾನೆಯಲ್ಲಿ ಇರೈದಾ ಕೆಲಸ ಮಾಡುತ್ತಾರೆ. ಸುತ್ತಲಿನ ಡೈರಿಗಳಲ್ಲಿ ಸೆಗಣಿ ಬಾಚುವವರು, ಹಾಲು ಕರೆಯುವವರು ಬಹುಪಾಲು ಮೆಕ್ಸಿಕೋದ ಚಿಯಾಪಾಸ್, ವೆರಾಕ್ರುಜ್ ಕಡೆಯವರು. ಹೆಚ್ಚಿನವರ ಬಳಿ ಈ ದೇಶದಲ್ಲಿ ಇರಲು ಕಾಗದಪತ್ರ ಇಲ್ಲ. ಇಲ್ಲೇ ಹುಟ್ಟಿದ ಅವರ ಮಕ್ಕಳು ಈ ದೇಶದ ಪ್ರಜೆಗಳು. ಹೀಗಾಗಿ ಒಂದೇ ಮನೆಯೊಳಗೆ ಹಿಡಿದೊಯ್ಯಬಹುದಾದವರೂ ಇದ್ದಾರೆ, ಹಿಡಿಯಲಾಗದವರೂ ಇದ್ದಾರೆ.

ಮೂರು ವರ್ಷದ ಹಿಂದಿನವರೆಗೆ ಈ ತಾಯಂದಿರೆಲ್ಲ ದವಾಖಾನೆಗೇ ಬರುತ್ತಿದ್ದರು. ಒಂದು ವಸಂತದಲ್ಲಿ ಕುರ್ಚಿಗಳು ಖಾಲಿ ಬೀಳತೊಡಗಿದವು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಒಬ್ಬ ಹುಡುಗ ಬಂದಾಗ ಅವನ ಕಿವಿಯೊಳಗಿನ ತಮಟೆ ಒಡೆದು ಕೀವು ದಿಂಬಿಗಿಳಿದು ವಾರವಾಗಿತ್ತು. ಇಷ್ಟು ದಿನ ಯಾಕೆ ಕಾದೆ ಎಂದು ಇರೈದಾ ತಾಯಿಯನ್ನು ಕೇಳಿದರು. ಪೆಟ್ರೋಲ್ ಬಂಕಿನ ಹತ್ತಿರ ಪಟ್ಟೆ ಬಳಿದ ಗಾಡಿ ನಿಂತಿತ್ತಂತೆ. ಅದು 'ಮಿಗ್ರಾ'. ವಲಸೆ ಪೊಲೀಸರನ್ನು ಇಲ್ಲಿಯ ಸ್ಪ್ಯಾನಿಷ್ ಮಾತಿನವರು ಕರೆಯುವುದೇ ಹಾಗೆ. ಮರುವಾರದಿಂದ ಇರೈದಾ ತಕ್ಕಡಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು, ದವಾಖಾನೆ ತೆರೆಯುವ ಮುಂಚೆ ಡೈರಿಗಳಿಗೆ ಹೊರಡತೊಡಗಿದರು. ಇದಕ್ಕೆ ಮೇಲಿನವರ ಅಡ್ಡಿಯಿಲ್ಲ, ಆದರೆ ಅದು ನಿಮ್ಮ ಸ್ವಂತ ಹೊತ್ತು, ಸಂಬಳ ಸಿಗದು ಎಂದು ತಿಳಿಸಿದ್ದಾರೆ.

ಅವರ ಸ್ವಂತ ಊರು ಪೋರ್ಟೊರಿಕೋ ದ್ವೀಪದ ನಡುಗುಡ್ಡಗಳಲ್ಲಿರುವ ಉಟುವಾದೋ. ತಾಯಿ ಕಾಫಿ ಹಣ್ಣು ಬಿಡಿಸುತ್ತಿದ್ದರು. ಡಾಕ್ಟರಿಕೆ ಮುಗಿಸಿ ತರಬೇತಿಗೆಂದು ಈ ಚಳಿಯ ಸೀಮೆಗೆ ಬಂದು, ಒಂದೇ ಚಳಿಗಾಲ ಎಂದುಕೊಂಡು, ತಲೆ ನೆರೆಯುವವರೆಗೂ ಉಳಿದಿದ್ದಾರೆ. ಆ ದ್ವೀಪ ಅಮೆರಿಕಕ್ಕೆ ಸೇರಿದ್ದರಿಂದ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಹಾಗಿದ್ದೂ ಒಂದು ಬೆಳಿಗ್ಗೆ ರಸ್ತೆಯಲ್ಲಿ ವಲಸೆ ಪೊಲೀಸನೊಬ್ಬ ಅವರ ಕಾರನ್ನು ತಡೆದು, ಹುಟ್ಟಿದ್ದೆಲ್ಲಿ ಎಂದು ಕೇಳಿದನಂತೆ. ಉಟುವಾದೋ ಎಂದರೆ, ಅದು ಯಾವ ದೇಶ ಎಂಬ ಮರುಪ್ರಶ್ನೆ. "ಇದೇ ದೇಶ ಕಣಪ್ಪ ಅಂದೆ. ನಂಬಲಿಲ್ಲ. ಆಮೇಲೆ ಸ್ಟೆತಸ್ಕೋಪ್ ನೋಡಿ ಬಿಟ್ಟ," ಎನ್ನುವಾಗ ಅವರ ದನಿಯಲ್ಲಿ ಸಿಟ್ಟೇನೂ ಇಲ್ಲ. "ಅವತ್ತು ದವಾಖಾನೆಯ ತಿರುವೇ ತಪ್ಪಿ ಮುಂದಕ್ಕೆ ಹೋಗ್ಬಿಟ್ಟೆ. ಏನೂ ಆಗಲ್ಲ ಅಂತ ಗೊತ್ತಿದ್ದ ನನಗೇ ಹಂಗಾದ್ರೆ, ಆ ತಾಯಂದಿರ ಪಾಡು?"

ದವಾಖಾನೆಯಲ್ಲೂ ಕೆಲವು ಬದಲಾಗಿವೆ. ಕಾಯುವ ಕೋಣೆಗೂ ಒಳಗಿನ ಕೋಣೆಗಳಿಗೂ ನಡುವೆ ಬೀಗವಿರುವ ಬಾಗಿಲು ಬಂದಿದೆ. ಯಾರು ಎಲ್ಲಿ ಹುಟ್ಟಿದರು, ಹೇಗೆ ಬಂದರು ಎಂಬುದನ್ನು ಮಗುವಿನ ಕಡತದಲ್ಲಿ ಯಾರೂ ಬರೆಯುವಂತಿಲ್ಲ. ಸಮವಸ್ತ್ರದವರು ಬಂದು ಪ್ರಶ್ನೆ ಕೇಳಿದರೆ ಜಗಳವೂ ಬೇಡ, ಉತ್ತರವೂ ಬೇಡ, ಡಾಕ್ಟರನ್ನು ಕರೆಯುತ್ತೇನೆ ಎಂದಷ್ಟೇ ಹೇಳಿ ಎಂದು ಕೌಂಟರಿನ ಹುಡುಗಿಯರಿಗೆ ಕಲಿಸಲಾಗಿದೆ. ಶನಿವಾರ ಒಬ್ಬ ವಕೀಲರು ಬಂದು, ಲಸಿಕೆ ಕೋಣೆಯ ಪಕ್ಕದಲ್ಲೇ ಪುಕ್ಕಟೆ ಸಲಹೆ ಕೊಡುತ್ತಾರೆ. ಇದೆಲ್ಲ ವೈದ್ಯರ ಕೆಲಸವೇ ಎಂದು ಜೊತೆಯ ಡಾಕ್ಟರೊಬ್ಬರು ಕೇಳಿದ್ದುಂಟು. ಇರೈದಾ ವಾದಕ್ಕಿಳಿಯಲಿಲ್ಲ. ಆ ತಿಂಗಳು ಹೊಟ್ಟೆನೋವೆಂದು ಬಂದ ಮಕ್ಕಳನ್ನು ಅವರ ಮುಂದೆ ಕೂರಿಸಿದರು. ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಸಂಜೆ ಅಪ್ಪ ಮನೆಗೆ ಬಂದ ಕೂಡಲೇ ನೋವು ನಿಲ್ಲುತ್ತಿತ್ತು.

ಬೀಗ, ವಕೀಲರು, ನಸುಕಿನ ಓಡಾಟ, ಇವೆಲ್ಲ ಸುಲಭವಿದ್ದವು ಎನ್ನುತ್ತಾರೆ ಅವರು. ಕಷ್ಟವಿದ್ದದ್ದು ಒಂದು ಮಾತು ಕೇಳುವುದು.

ಯಾರೆಲಿ ಎಂಬ ಏಳು ವರ್ಷದ ಹುಡುಗಿಗೆ ನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೆ ಮುಂಚೆ, ಮಲಗುವ ಮುಂಚೆ ಇನ್ಸುಲಿನ್ ಚುಚ್ಚಬೇಕು. ಒಂದು ದಿನ ತಪ್ಪಿದರೂ ಜೀವಕ್ಕೆ ಸಂಚಕಾರ. ತಾಯಿ ಎಲ್ವಿಯಾ, ತಂದೆ ಆನ್ಸೆಲ್ಮೋ ಇಬ್ಬರೂ ಒಂದೇ ಡೈರಿಯಲ್ಲಿ ದುಡಿಯುವವರು. ಒಂದು ಮಧ್ಯಾಹ್ನ ಹುಡುಗಿಯನ್ನು ಆಟದ ಕೋಣೆಗೆ ಕಳಿಸಿ, ಇರೈದಾ ಬಾಗಿಲು ಹಾಕಿದರು. "ಎಲ್ವಿಯಾ, ಒಂದು ದಿನ ನೀವಿಬ್ಬರೂ ಮನೆಗೆ ಬರಲಿಲ್ಲ ಅಂದ್ಕೋ. ಅವತ್ತು ಸಂಜೆ ಇವಳಿಗೆ ಸೂಜಿ ಯಾರು ಹಾಕ್ತಾರೆ?"

ಎಲ್ವಿಯಾ ಎದ್ದು ನಿಂತಳು. ತನ್ನ ಅಮ್ಮನೂ ಆಡದ ಅಪಶಕುನ ಇದು ಎಂದಳು. "ನಮ್ಮನ್ನ ಹಿಡ್ಕೊಂಡು ಹೋಗ್ಲಿ ಅಂತ ನಿಮ್ಮ ಬಾಯಲ್ಲೇ ಬಂತಲ್ಲ ಡಾಕ್ಟ್ರಮ್ಮ. ನಿಮ್ಮನ್ನ ನಮ್ಮೋರು ಅಂದ್ಕೊಂಡಿದ್ದೆ," ಎಂದು ಮಗಳ ಕೋಟಿನ ಗುಂಡಿಯನ್ನೂ ಹಾಕದೆ ಎಳೆದುಕೊಂಡು ಹೋದಳು.

ಆಮೇಲೆ ಅವಳು ಬರಲಿಲ್ಲ. ಫೋನೂ ಎತ್ತಲಿಲ್ಲ. ನಸುಕಿನಲ್ಲಿ ಡೈರಿಗೆ ಹೋದರೆ ಕೋಣೆಯ ಕಡೆ ಸುಳಿಯಲಿಲ್ಲ. ಕೇಳಬಾರದಿತ್ತೇನೋ ಎಂದು ಇರೈದಾ ವಾರಗಟ್ಟಲೆ ಕೊರಗಿದರು. ಔಷಧ ಮಾತ್ರ ನಿಲ್ಲುವಂತಿರಲಿಲ್ಲ. ಆ ಡೈರಿಗೆ ಎರಡು ದಿನಕ್ಕೊಮ್ಮೆ ಹೋಗುವ ದನದ ಡಾಕ್ಟರನ್ನು ಕೇಳಿಕೊಂಡರು. ಆತ ಹೋರಿಯ ವೀರ್ಯದ ಡಬ್ಬಿಗಳ ಪಕ್ಕದಲ್ಲಿ, ಬೇರೆ ತಂಪು ಪೆಟ್ಟಿಗೆಯಲ್ಲಿ, ಇನ್ಸುಲಿನ್ ಇಟ್ಟುಕೊಂಡು ಹೋಗಿ ಎಲ್ವಿಯಾಳ ಕೈಗೆ ಕೊಟ್ಟು ಬರುತ್ತಿದ್ದ. ಅವಳು ಬೇಡ ಅನ್ನಲಿಲ್ಲ, ಕಳಿಸಿದ್ದು ಯಾರೆಂದೂ ಕೇಳಲಿಲ್ಲ.

ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ ಅವಳೇ ಬಂದಳು. ತನ್ನೂರಿನ ಬಾಳೆಲೆಯ ಬದಲು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ ಕಡುಬುಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಗಂಡ ಹೆಂಡತಿ ಕೂತು ಯೋಚನೆ ಮಾಡಿದೆವು ಎಂದಳು. ಪಕ್ಕದ ಡೈರಿಯ ತಂಗಿಯನ್ನೋ, ವರಸೆಯ ಅಣ್ಣನನ್ನೋ ಹೇಳುತ್ತಾಳೆಂದು ಇರೈದಾ ಕಾದರು. ಆದರೆ ಎಲ್ವಿಯಾಳ ಲೆಕ್ಕ ಬೇರೆ ಇತ್ತು. ನಮ್ಮವರು ಯಾರೇ ಆದರೂ ನಮ್ಮ ಜೊತೆಗೇ ಸಿಕ್ಕಿಬೀಳಬಹುದು. ಯಾರನ್ನು ಹಿಡಿಯಲಾಗದೋ ಅಂಥವರೇ ಬೇಕು.

"ಬಸ್ಸಿನ ಅಜ್ಜಿ," ಎಂದಳು.

ಬಸ್ಸಿನ ಅಜ್ಜಿ ಎಂದರೆ ಲೊರೆಟ್ಟಾ ಗಾನ್ಯೆ, ಶಾಲೆಯ ಬಸ್ಸು ಓಡಿಸುವಾಕೆ. ಅರವತ್ತು ದಾಟಿದ ವಿಧವೆ, ಈ ಸೀಮೆಯಲ್ಲೇ ಹುಟ್ಟಿ ಬೆಳೆದವರು, ಸ್ಪ್ಯಾನಿಷ್ ಒಂದಕ್ಷರ ಬಾರದು. ಅವರೊಂದಿಗೆ ಎಲ್ವಿಯಾ ನೆಟ್ಟಗೆ ಮಾತಾಡಿದ್ದೇ ಇಲ್ಲ. ಆದರೆ ಹಿಮ ಬೀಳುವ ದಿನಗಳಲ್ಲಿ ಯಾರೆಲಿ ಒಳಗೆ ಹೋಗಿ ದೀಪ ಹಾಕುವವರೆಗೂ ಬಸ್ಸು ರಸ್ತೆಯಲ್ಲೇ ನಿಂತಿರುವುದನ್ನು ಕೊಟ್ಟಿಗೆಯ ಕಿಟಕಿಯಿಂದ ನೋಡಿದ್ದಳು. ಹಿಂದಿನ ಗಾಡಿಯವರು ಹಾರ್ನ್ ಹೊಡೆದರೂ ಬಸ್ಸು ಕದಲುತ್ತಿರಲಿಲ್ಲವಂತೆ.

ಇರೈದಾ ಕೇಳಿದಾಗ ಲೊರೆಟ್ಟಾ ಹೂಂ ಎನ್ನುವುದಕ್ಕೆ ಯೋಚಿಸಲಿಲ್ಲ. ಅವರ ತಕರಾರು ಒಂದೇ. "ಮಗು ನೋಡ್ಕೊತೀನಿ, ಊಟ ಹಾಕ್ತೀನಿ. ಸೂಜಿ ಮಾತ್ರ ಕೈಲಾಗಲ್ಲ ಕಣಮ್ಮ. ನನ್ನ ಗಂಡ ಆಸ್ಪತ್ರೇಲಿದ್ದಾಗ ನರ್ಸ್ ಬಂದ್ರೆ ನಾನೇ ತಲೆ ಸುತ್ತಿ ಬೀಳ್ತಿದ್ದೆ."

ದವಾಖಾನೆಯ ಹಿಂದಿನ ಕೋಣೆಯಲ್ಲಿ ಕಿತ್ತಳೆ ಹಣ್ಣುಗಳ ಮೇಲೆ ಅಭ್ಯಾಸ ಶುರುವಾಯಿತು. ಲೊರೆಟ್ಟಾ ಮೊದಲ ದಿನ ಸೂಜಿ ಬೀಳಿಸಿದರು, ಎರಡನೆಯ ದಿನ ಕುರ್ಚಿಯ ಮೇಲೆ ಕುಸಿದು ನೀರು ಕೇಳಿದರು. ಅನ್ನಕ್ಕೆಷ್ಟು, ರೊಟ್ಟಿಗೆಷ್ಟು, ಸೇಬಿಗೆಷ್ಟು ಮದ್ದು ಎಂಬುದನ್ನು ಇರೈದಾ ಹೇಳಿ, ಹೇಳಿಸಿ, ಮತ್ತೆ ಹೇಳಿದರು. ಜೊತೆಗೆ ಬಂದ ಎಲ್ವಿಯಾ ಮತ್ತು ಲೊರೆಟ್ಟಾರ ನಡುವೆ ಮಾತು ದಾಟಿಸುತ್ತಿದ್ದವಳು ಯಾರೆಲಿಯೇ. ಕೊನೆಗೆ ಹಣ್ಣು ಬಿಟ್ಟು ಹುಡುಗಿಯ ತೋಳಿಗೆ ಬಂದಾಗ ಲೊರೆಟ್ಟಾ ಕಣ್ಣು ಮುಚ್ಚಿಕೊಂಡರು.

"ಅಜ್ಜಿ, ಚುಚ್ಚಿಸ್ಕೊಳ್ಳೋಳು ನಾನು," ಎಂದಳು ಯಾರೆಲಿ. "ನೀವ್ಯಾಕೆ ಕಣ್ಣು ಮುಚ್ತೀರಿ?"

ಎಲ್ವಿಯಾ ಅಂದು ನಕ್ಕಳು. ಮುಂದಿನ ಶನಿವಾರ ವಕೀಲರ ಎದುರು, ತಾವಿಲ್ಲದಾಗ ಮಗಳನ್ನು ಲೊರೆಟ್ಟಾ ನೋಡಿಕೊಳ್ಳಬಹುದೆಂದು ಗಂಡ ಹೆಂಡತಿ ಸಹಿ ಹಾಕಿದರು. ಸಹಿ ಹಾಕುವಾಗ ಆನ್ಸೆಲ್ಮೋ ಅತ್ತನೆಂದು ಇರೈದಾ ಹೇಳುತ್ತಾರೆ. ಅವನು ಅತ್ತದ್ದು ಮಗಳಿಗೆ ಕಾಣದಂತೆ ಅವರು ಅಡ್ಡ ನಿಂತಿದ್ದರು.

ಅಕ್ಟೋಬರಿನಲ್ಲಿ ಆ ದಿನ ಬಂತು. ಚಳಿಗಾಲದ ಬೂಟು ಕೊಳ್ಳಲೆಂದು ಹೊರಟ ಗಂಡ ಹೆಂಡತಿಯನ್ನು ಮಿಗ್ರಾದವರು ದಾರಿಯಲ್ಲೇ ತಡೆದು ಕರೆದೊಯ್ದರು. ಎಲ್ವಿಯಾಳಿಗೆ ಸಿಕ್ಕಿದ್ದು ಒಂದು ಫೋನ್ ಕರೆ. ಅವಳದನ್ನು ವಕೀಲರಿಗೂ ಮಾಡಲಿಲ್ಲ, ಡೈರಿಯ ಯಜಮಾನನಿಗೂ ಮಾಡಲಿಲ್ಲ. ದವಾಖಾನೆಗೆ ಮಾಡಿದಳು. ಕೌಂಟರಿನ ಹುಡುಗಿ ಒಳಗೆ ಓಡಿ ಬಂದಾಗ ಇರೈದಾ ಒಂದು ಕೂಸಿನ ಗಂಟಲು ನೋಡುತ್ತಿದ್ದರು. ನೋಡಿ ಮುಗಿಸಿದರು, ಔಷಧಿ ಬರೆದರು, ಆಮೇಲೆ ಶಾಲೆಗೆ ಫೋನ್ ಮಾಡಿದರು.

ಆ ಸಂಜೆ ಬಸ್ಸಿನ ಎಲ್ಲ ಮಕ್ಕಳೂ ಇಳಿದ ಮೇಲೆ ಒಂದು ಹುಡುಗಿ ಮಾತ್ರ ಉಳಿದಳು. ಲೊರೆಟ್ಟಾ ಅವಳನ್ನು ತಮ್ಮ ಪಕ್ಕದ ಮೆಟ್ಟಿಲ ಬಳಿ ಕೂರಿಸಿಕೊಂಡು, ಅಪ್ಪ ಅಮ್ಮನಿಗೆ ಏನಾಗಿದೆ ಎಂಬುದನ್ನು ಮುಚ್ಚಿಡದೆ ಹೇಳಿದರು. ಹಾಗೆ ಹೇಳಬೇಕೆಂದು ಇರೈದಾ ಮೊದಲೇ ತಿಳಿಸಿದ್ದರು: ಸುಳ್ಳು ಹೇಳಿದರೆ ಮಗು ಮುಂದೆ ಯಾವುದನ್ನೂ ನಂಬುವುದಿಲ್ಲ. ತಮ್ಮ ಮನೆಗೆ ಕರೆದೊಯ್ದು ಮೆಕರೋನಿ ಬೇಯಿಸಿ, ಲೊರೆಟ್ಟಾ ಡಾಕ್ಟರಿಗೆ ಫೋನ್ ಮಾಡಿ ಮೇಜಿನ ಮೇಲಿಟ್ಟರು. ಇರೈದಾ ಆ ಕಡೆಯಿಂದ ಕೇಳಿಸಿಕೊಂಡರು. ಅಜ್ಜಿ ಮತ್ತು ಹುಡುಗಿ ಜೊತೆಯಾಗಿ ಲೆಕ್ಕ ಹಾಕುತ್ತಿದ್ದರು. ಮದ್ದಿನ ಡಬ್ಬಿ ತೆರೆದ ಸದ್ದಾಯಿತು. ಆಮೇಲೆ ಲೊರೆಟ್ಟಾರ ದನಿ: "ಆಯ್ತು. ಕಣ್ಣು ಬಿಟ್ಕೊಂಡೇ ಹಾಕಿದೆ."

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಹುಡುಗಿ ಹಾಸಿಗೆ ಒದ್ದೆ ಮಾಡತೊಡಗಿದಳು, ಸೊರಗಿದಳು, ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಸಕ್ಕರೆ ತೀರಾ ಇಳಿದು ಮೈ ಬೆವರಿ ನಡುಗಿದಳು. ಲೊರೆಟ್ಟಾ ಅವಳನ್ನು ಎತ್ತಿ ಕೂರಿಸಿ, ಮೇಪಲ್ ಮರದ ಪಾಕವನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದರು. ಇರೈದಾ ಬರುವಷ್ಟರಲ್ಲಿ ಹುಡುಗಿ ಇನ್ನೊಂದು ಚಮಚಕ್ಕೆ ಹಟ ಹಿಡಿದಿದ್ದಳು. ಅಂದಿನಿಂದ ಅವರು ದಿನಾ ಸಂಜೆ ಆ ಮನೆ ಹೊಕ್ಕೇ ತಮ್ಮ ಮನೆಗೆ ಹೋಗುತ್ತಿದ್ದರು.

ಕ್ರಿಸ್‌ಮಸ್‌ಗೆ ಮುಂಚೆ ಎಲ್ವಿಯಾಳನ್ನು ಬಿಟ್ಟರು. ಎಲ್ಲಿದ್ದಾಳೆಂದು ಪೊಲೀಸರಿಗೆ ತಿಳಿಸುವ ಕಾವಲು ಪಟ್ಟಿ ಕಾಲಿಗಿದೆ, ಮೊಕದ್ದಮೆ ನಡೆಯುತ್ತಿದೆ. ಮಗಳ ಕಾಯಿಲೆಯ ಬಗ್ಗೆ ಇರೈದಾ ನ್ಯಾಯಾಧೀಶರಿಗೆ ಬರೆದುಕೊಟ್ಟದ್ದು ನೆರವಾಗಿರಬಹುದು ಎನ್ನುತ್ತಾರೆ ವಕೀಲರು. ಆನ್ಸೆಲ್ಮೋನನ್ನು ಚಿಯಾಪಾಸ್‌ಗೆ ಕಳಿಸಿಬಿಟ್ಟರು. ಭಾನುವಾರ ಫೋನಿನಲ್ಲಿ ಅವನ ಮುಖ ಬರುತ್ತದೆ. ಮಗಳು ಆ ದಿನದ ಸಕ್ಕರೆಯ ಅಂಕಿ ಹೇಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ಇದನ್ನು ಗೆಲುವು ಎನ್ನಲು ಇರೈದಾ ತಯಾರಿಲ್ಲ. ಅಪ್ಪ ಇಲ್ಲದ ಮನೆ ಅದು. ಆದರೆ ತಾಯಿಯಿಲ್ಲದ ಆ ಅಷ್ಟೂ ವಾರ ಹುಡುಗಿ ಒಮ್ಮೆಯೂ ಆಸ್ಪತ್ರೆ ಸೇರಲಿಲ್ಲ ಎಂಬುದನ್ನು ಮಾತ್ರ ಅವರು, ಕೇಳದಿದ್ದರೂ, ಎರಡು ಸಲ ಹೇಳುತ್ತಾರೆ.

ಈಗ ಡೈರಿಗಳಲ್ಲಿ ಹೊಸದಾಗಿ ಬಂದ ತಾಯಂದಿರ ಮುಂದೆ ಆ ಮಾತನ್ನು ಎಲ್ವಿಯಾಳೇ ಮೊದಲು ಎತ್ತುತ್ತಾಳಂತೆ. ಅವರೂ ಸಿಟ್ಟಾಗುತ್ತಾರೆ. ಅವರು ಮತ್ತೆ ಬರುವವರೆಗೆ ಅವಳು ಕಾಯುತ್ತಾಳೆ.

ನಿಮಗೇನು ಬೇಕು ಎಂದು ಕೇಳಿದರೆ ಇರೈದಾ ಮೊದಲು ತಕ್ಕಡಿಯನ್ನು ಕಾರಿಗೆ ಸಾಗಿಸುತ್ತಾರೆ. ಪ್ರಶಸ್ತಿ ಏನಾದರೂ ಎಂದರೆ ಕೈ ಆಡಿಸಿ, ಅದನ್ನು ಲೊರೆಟ್ಟಾಗೆ ಕೊಡಿ ಎನ್ನುತ್ತಾರೆ. ಆಮೇಲೆ ಹೇಳುತ್ತಾರೆ: "ಕಿವಿನೋವು, ಕೆಮ್ಮು, ಹಲ್ಲು ಬರೋ ಜ್ವರ. ಬೆಳಗಿಂದ ಇಷ್ಟೇ ಬರೋ ಒಂದು ದಿನ ಸಿಗ್ಲಿ ಸಾಕು. ಮಧ್ಯಾಹ್ನದ ಹೊತ್ತಿಗೆ ನನಗೆ ಬೋರ್ ಹೊಡೀಬೇಕು."